ದಸ್ತಗೀರ್‌ಸಾಬ ಹಡಗು ಹತ್ತದೆ ಬಂದದ್ದು

ಮಸ್ಕಿಯಿಂದ ರಾಯಚೂರು ಸ್ಟೇಶನ್ನಿಗೆ ಹತ್ತಿ ಹೇರುತ್ತಿದ್ದ ಗಾಡಿಕಾರರಲ್ಲಿ ದಸ್ತಗೀರ್‌ಸಾಬನಷ್ಟು ಹೇಸಿಕೊಳ್ಳುವ ಮನುಷ್ಯ ಇನ್ನೊಬ್ಬನಿರಲಿಲ್ಲ. ಒಬ್ಬರು ಬಾಯಿಟ್ಟ ಬೀಡಿಯನ್ನು ಇನ್ನೊಬ್ಬರು ಸೇದುವುದು ಕಂಡರೆ ಮುಖ ಆಚೆ ತಿರುಗಿಸುತ್ತಿದ್ದ. ಹಾದಿಯಲ್ಲಿ ಹಳ್ಳ ಸಿಕ್ಕು ಗಾಡಿ ಬಿಟ್ಟಾಗ ಉಳಿದವರೆಲ್ಲ ಎತ್ತು ಕುಡಿದ ಮಡುವಿಗೇ ಬೊಗಸೆಯೊಡ್ಡುವರು. ಇವನು ಮೇಲುಗಡೆ ನಡೆದುಹೋಗಿ, ಉಸುಕು ತೋಡಿ, ಒರತೆ ನೀರು ಕುಡಿದು ಬರುವನು. ‘ನವಾಬನ ಮನ್ಯಾಗ ಹುಟ್ಟಬೇಕಾದಾಂವ ದಾರಿ ತಪ್ಪಿ ಗಾಡ್ಯಾಗ ಹುಟ್ಯಾನ’ ಎಂದು ಜೊತೆಯವರು ನಗುತ್ತಿದ್ದರು. ಅದು ಸುಳ್ಳೂ ಅಲ್ಲ. ಅವನ ತಾಯಿಗೆ ಬೇನೆ ಬಂದದ್ದು ಲಿಂಗಸುಗೂರಿನ ಹಾದಿಯಲ್ಲಿ, ಹತ್ತಿ ಹೇರಿದ ಗಾಡಿಯ ಮೇಲೇ.

ಅಂಥವನ ಬಾಳಿನಲ್ಲಿ ಬಂದದ್ದೆಲ್ಲ ಹೇಸಿಗೆಯೇ. ಹಾಗಂತ ಅವನೇನು ಎಲ್ಲಿಂದಲೋ ತಂದುಕೊಂಡದ್ದಲ್ಲ, ಜನ ಮನೆಬಾಗಿಲಿಗೆ ತಂದು ಸುರಿದುಹೋದದ್ದು.

ಎರೆಹೊಲದ ಹತ್ತಿಯನ್ನು ಮಸ್ಕಿಯ ವ್ಯಾಪಾರಿ ಸೂಗಪ್ಪ ಕೊಂಡು, ತಟ್ಟಿನ ದೊಡ್ಡ ದೊಡ್ಡ ಚೀಲಗಳಾದ ಅಂಡಿಗೆಗಳಲ್ಲಿ ತುಳಿಸಿ, ಮೇಲೆ ಮಸಿಯಲ್ಲಿ ತ್ರಿಶೂಲದ ಗುರುತು ಹಾಕಿಸಿ ಗಾಡಿಗೆ ಏರಿಸುತ್ತಿದ್ದ. ಗಾಡಿಗಳು ಒಂದರ ಹಿಂದೊಂದು ಸಾಲಾಗಿ ಹೊರಡುತ್ತಿದ್ದವು. ಮುಂದಿನ ಗಾಡಿಯವನು ದಾರಿ ನೋಡಬೇಕು, ಕಟ್ಟಕಡೆಯ ಗಾಡಿಯವನು ಮಾಲು ನೋಡಬೇಕು. ಏನು ಬಿದ್ದರೂ ಏನು ಹೋದರೂ ಹಿಂದಿನವನೇ ಹೊಣೆ. ಅದು ಗಾಡಿಕಾರರ ದಸ್ತೂರು. ರಾಯಚೂರಿನಲ್ಲಿ ಹತ್ತಿಯನ್ನು ಯಂತ್ರದಲ್ಲಿ ಅದುಮಿ, ಮತ್ತೆ ಅದೇ ತಟ್ಟು ಸುತ್ತಿ ರೈಲಿಗೆ ಹಾಕಿದರೆ ಅದು ಮುಂಬಯಿಗೆ ಹೋಗಿ ಹಡಗು ಹತ್ತುತ್ತದಂತೆ, ಅಲ್ಲಿಂದ ವಿಲಾಯತಿಗಂತೆ. ಹಡಗನ್ನಾಗಲಿ ಸಮುದ್ರವನ್ನಾಗಲಿ ಗಾಡಿಕಾರರು ಯಾರೂ ಕಂಡಿರಲಿಲ್ಲ.

ಒಂದು ವರ್ಷ ಹಾಗೆ ಹೊರಟ ಸಾಲಿನಲ್ಲಿ ಒಂದು ಅಂಡಿಗೆ ಹೋಗಿಬಿಟ್ಟಿತು. ಕಡೆಯ ಗಾಡಿ ದಸ್ತಗೀರ್‌ಸಾಬನ ತಮ್ಮ ಗೌಸ್‌ಸಾಬನದು. ‘ನಾ ಕಣ್ಣು ಮುಚ್ಚಿಲ್ಲಣ್ಣಾ’ ಎಂದು ಅವನು ಅಲ್ಲಾನ ಆಣೆಯಿಟ್ಟ. ಸೂಗಪ್ಪನ ಕಟ್ಟೆಯ ಮೇಲೆ ನಾಲ್ಕು ಮಂದಿ ಕೂಡಿದಾಗ ದಸ್ತಗೀರ್‌ಸಾಬ ಎದ್ದು ನಿಂತು, ‘ಇಂವನ ಕೈ ಸ್ವಚ್ಛ ಇಲ್ಲ. ಇಂವ ನಮ್ಮ ಸಾಲಿನ್ಯಾಗ ಬ್ಯಾಡ’ ಎಂದುಬಿಟ್ಟ. ಕಳ್ಳತನವೆಂದರೆ ಅವನಿಗೆ ಎಂಜಲಿಗಿಂತ ಹೆಚ್ಚಿನ ಅಸಹ್ಯ. ಒಡಹುಟ್ಟಿದ ಅಣ್ಣನೇ ಅಂದ ಮೇಲೆ ಊರು ಇನ್ನೇನು ನೋಡುತ್ತದೆ? ಗೌಸ್‌ಸಾಬ ಹೆಂಡತಿ ಖಾತೂನ್‌ಬೀಯನ್ನು ಕರೆದುಕೊಂಡು ಅವಳ ತವರಾದ ಗೊರೇಬಾಳಕ್ಕೆ ಹೋಗಿ ಕಂಡವರ ಹೊಲದಲ್ಲಿ ಕೂಲಿ ಮಾಡಿದ. ಕೆಲವು ವರ್ಷಕ್ಕೆ ಕಾಲರಾ ಬಂದು ತೀರಿಕೊಂಡ. ಸುದ್ದಿ ಮುಟ್ಟಿತು. ಅಣ್ಣ ಮಣ್ಣಿಗೆ ಹೋಗಲಿಲ್ಲ.

ಆಮೇಲೆ ಹತ್ತಿಯ ಧಾರಣೆ ಬಿದ್ದಿತು. ಬಿದ್ದಿತೆಂದರೆ ಎಂಥದ್ದು, ಬಿಡಿಸಿದ ಕೂಲಿಯೂ ಗಿಟ್ಟದ ಹಾಗೆ. ವಿಲಾಯತಿಯಲ್ಲಿ ಯಾರದೋ ಬ್ಯಾಂಕು ಮುಳುಗಿತಂತೆ, ಯಾವುದೋ ಗಿರಣಿ ಮುಚ್ಚಿತಂತೆ, ಸೂಗಪ್ಪ ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದ. ಅವನ ಉಗ್ರಾಣದಲ್ಲಿ ಹೋದ ವರ್ಷದ ಹತ್ತಿಯೇ ಇಲಿಗಳ ಪಾಲಾಗಿತ್ತು. ಹತ್ತಿಪ್ಪತ್ತು ಗಾಡಿಯ ಸಾಲು ಎರಡಕ್ಕೆ ಇಳಿಯಿತು, ಎತ್ತುಗಳು ಕೊಟ್ಟಿಗೆಯಲ್ಲಿ ನಿಂತು ಮೇವು ತಿಂದವು. ‘ಇವು ನಮ್ಮನ್ನ ತಿಂದು ಮುಗಸ್ತಾವ’ ಎಂದಳು ಹೆಂಡತಿ ರಹೀಮಾಬೀ. ‘ಒಂದು ಜೋಡಿ ಮಾರಿ ಹಜ್‌ಗೆ ಹೋಗಿ ಬಾ. ಹೇರಾಕ ಮಾಲಿಲ್ಲ, ಈಗ ಹೋಗದಿದ್ರ ಯಾವಾಗ ಹೋಗ್ತಿ?’

ಮಾತು ಅವನಿಗೆ ಹಿಡಿಸಿತು. ಎತ್ತಿಗೆ ಇನ್ನೂ ಅಷ್ಟಿಷ್ಟು ಬೆಲೆ ಇರುವಾಗಲೇ ಮಾರಿದ. ಉಳಿದ ಜೋಡಿಯನ್ನೂ ಗಾಡಿಯನ್ನೂ ರಹೀಮಾಬೀಯ ತಮ್ಮ ಜಂಗ್ಲಿಸಾಬನ ಕೈಗೆ ಕೊಟ್ಟ. ಜಂಗ್ಲಿಸಾಬ ಅದೇ ಸಾಲಿನ ಗಾಡಿಕಾರ, ಅಕ್ಕ ಭಾವನ ಮನೆಯಲ್ಲೇ ಉಂಡು ಬೆಳೆದವನು.

ಹಜ್‌ಗೆ ಹೋಗುವವನು ಮನೆಮನೆಗೆ ಹೋಗಿ ಮಾಫಿ ಕೇಳಬೇಕು. ಸಮುದ್ರದ ದಾರಿ, ಮರಳಿ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ; ಯಾರ ಮನಸ್ಸಿನ ಮುಳ್ಳನ್ನೂ ಕಟ್ಟಿಕೊಂಡು ಹೋಗುವಂತಿಲ್ಲ. ಹಾಗೆಯೇ ಅವನಿಗೆ ಕೇಡು ಬಗೆದವರೂ ಬಂದು ಕೇಳಿಕೊಳ್ಳಬಹುದು. ಕೇಳಿದರೆ ಅವನು ಕೊಡಲೇಬೇಕು, ಇಲ್ಲವೆನ್ನುವ ಹಾಗಿಲ್ಲ. ಕೊಟ್ಟ ಮೇಲೆ ಆ ಮಾತು ಅಲ್ಲಿಗೇ ಹುಗಿದುಹೋಗಬೇಕು, ಇನ್ನೊಬ್ಬರ ಕಿವಿಗೆ ಬೀಳಬಾರದು.

ಇದು ಊರಿಗೆ ಗೊತ್ತಿತ್ತು. ಪುಕ್ಕಟೆ ಸಿಗುವುದನ್ನು ಬಿಡುವ ಜನವೇ ನಮ್ಮದು? ಸಾಬರು, ಶರಣರು ಎನ್ನದೆ ಅವನ ಅಂಗಳಕ್ಕೆ ಹರಿದು ಬಂದರು. ಹಾಲು ಮಾರುವ ಅಂಬಮ್ಮ, ‘ನಿನಗ ಕೊಡೋ ಹಾಲಿಗೆ ನೀರು ಬೆರಸ್ತಿದ್ನೆಪ್ಪ, ಹಳ್ಳದ ನೀರು’ ಎಂದು ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಹಗ್ಗ ಕಣ್ಣಿ ಹೊಸೆಯುವ ನರಸಣ್ಣ, ‘ನಿನ್ನ ಕೊಡದಾಗ ಒಮ್ಮೆ ಉಗಳಿದ್ದೆ, ಸಿಟ್ಟು ಬಂದಿತ್ತು’ ಎಂದ. ಸೂಗಪ್ಪ ವಿಭೂತಿ ಹಚ್ಚಿಕೊಂಡು ಬಂದು, ‘ಬಾಡಿಗಿ ವಿಷಯದಾಗ ಒಂದೀಟು ಹೆಚ್ಚುಕಮ್ಮಿ ಮಾಡೀನಿ. ಮನಸ್ಸಿನ್ಯಾಗ ಇಟ್ಕೊಂಡು ಹೋಗಬ್ಯಾಡ’ ಎಂದ. ಎಷ್ಟು ಎಂದು ಹೇಳಲಿಲ್ಲ. ದಸ್ತಗೀರ್‌ಸಾಬ ಒಂದೊಂದು ಮಾತಿಗೂ ಮುಖ ಆಚೆ ತಿರುಗಿಸುತ್ತಿದ್ದ. ಆದರೂ ಎದೆಯ ಮೇಲೆ ಕೈಯಿಟ್ಟು ‘ಮಾಫ್, ಮಾಫ್’ ಅನ್ನುತ್ತ ಹೋದ.

ಹೊರಡುವ ದಿನ ಗಾಡಿ ಕಟ್ಟಿತ್ತು. ಕೊರಳಲ್ಲಿ ಹೂವಿನ ಹಾರ, ಹೆಗಲ ಮೇಲೆ ಹಸಿರು ಶಾಲು, ಬೀದಿಯ ತುಂಬ ಜನ. ಜಂಗ್ಲಿಸಾಬ ಅವನ ರಟ್ಟೆ ಹಿಡಿದು ಕೊಟ್ಟಿಗೆಗೆ ಕರೆದುಕೊಂಡು ಹೋಗಿ, ಸಗಣಿಯ ನೆಲದ ಮೇಲೇ ಕಾಲು ಹಿಡಿದುಕೊಂಡ.

‘ಮಾಮಾ, ಆವತ್ತಿನ ಅಂಡಿಗಿ ನಾ ಉಳ್ಳಿಸಿದ್ದೆ. ಕತ್ತಲಾಗ, ಇಳಿಜಾರಿನ್ಯಾಗ, ನನ್ನ ಗಾಡಿ ಹಗ್ಗ ಸಡ್ಲ ಮಾಡಿ ತಗ್ಗಿಗೆ ಕೆಡವಿದೆ. ನನ್ನ ಕಡ್ಯಾಂವ ಒಬ್ಬಾಂವ ಅಲ್ಲೇ ಕುಂತಿದ್ದ, ಎಳಕೊಂಡು ಹೋದ. ಗೌಸಭಾಯಿದೇನೂ ತಪ್ಪಿಲ್ಲ.’

ದಸ್ತಗೀರ್‌ಸಾಬ ಕಾಲು ಎಳೆದುಕೊಳ್ಳಲು ನೋಡಿದ. ಹೊರಗೆ ಯಾರೋ ‘ಹೊತ್ತಾತು, ರೈಲು ತಪ್ತೈತಿ’ ಎಂದು ಕೂಗುತ್ತಿದ್ದರು.

‘ಮಾಫ್ ಅನ್ನು ಮಾಮಾ. ಅನ್ನದ ಹೊರತು ಕಾಲು ಬಿಡಂಗಿಲ್ಲ.’

‘ಮಾಫ್’ ಎಂದ ದಸ್ತಗೀರ್‌ಸಾಬ.

ಜಂಗ್ಲಿಸಾಬ ಎದ್ದು ಮೊಣಕಾಲಿನ ಸಗಣಿ ಕೊಡವಿಕೊಂಡು, ಭಾವನ ಕೊರಳಿನ ಹಾರ ಸರಿಮಾಡಿದ.

ಗಾಡಿ ಊರು ದಾಟಿದ ಮೇಲೆ ಗೊರೇಬಾಳದ ನೆನಪು ಬಂತು. ಮಸ್ಕಿಯ ಮನೆಮನೆಯ ಹೊಸ್ತಿಲು ತುಳಿದಿದ್ದ, ಅಲ್ಲಿಗೆ ಮಾತ್ರ ಹೋಗಿರಲಿಲ್ಲ. ಕಳ್ಳನ ಹೆಂಡತಿಯ ಮಾಫಿ ತನಗೆ ಯಾಕೆ ಬೇಕೆಂದು ಬಿಟ್ಟಿದ್ದ. ಈಗ ಹೋಗಬೇಕೆಂದರೆ ಸಿಂಧನೂರಿನ ಹಾದಿಗೆ ಗಾಡಿ ತಿರುಗಿಸಬೇಕು, ರೈಲು ಹೋಗುತ್ತದೆ, ರೈಲು ಹೋದರೆ ಹಡಗು ಹೋಗುತ್ತದೆ. ಹಜ್‌ಗೆ ಹೋಗಿ ದೇವರ ಮನೆಯ ಮುಂದೆಯೇ ಕೇಳಿಕೊಂಡರಾಯಿತು ಎಂದು ತನಗೆ ತಾನೇ ಹೇಳಿಕೊಂಡ. ಗಾಡಿ ತಿರುಗಿಸಲಿಲ್ಲ. ರಾಯಚೂರಿನಲ್ಲಿ ನಿಜಾಮರ ಸಿಕ್ಕಾ ರೂಪಾಯಿ ಕೊಟ್ಟು, ಮುಂಬಯಿಯಲ್ಲಿ ನಡೆಯುವ ಇಂಗ್ರೇಜರ ಕಲ್ದಾರ್ ರೂಪಾಯಿ ತೆಗೆದುಕೊಂಡು ರೈಲು ಹತ್ತಿದ.

ಹಜ್‌ಗೆ ಹೋಗುವವರು ಹಡಗು ಕಾಯುತ್ತ ಇಳಿದುಕೊಳ್ಳುವ ಮುಂಬಯಿಯ ಮುಸಾಫಿರಖಾನೆಯಲ್ಲಿ ಬೇರೆ ವರ್ಷಗಳಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲವಂತೆ. ಈ ಸಲ ಅರ್ಧಕ್ಕರ್ಧ ಖಾಲಿ. ಬಂಗಾಲದ ಕಡೆ ಸೆಣಬಿಗೆ ಬೆಲೆಯಿಲ್ಲ, ಬೇರೆ ಕಡೆ ಅಕ್ಕಿಗಿಲ್ಲ, ಹತ್ತಿಯ ಸೀಮೆಯ ಗತಿ ದಸ್ತಗೀರ್‌ಸಾಬನಿಗೇ ಗೊತ್ತು. ಜನ ಎಲ್ಲಿಂದ ಬರಬೇಕು? ಬಂದವರನ್ನು ದಲಾಲರು ನೊಣಗಳ ಹಾಗೆ ಮುತ್ತಿದರು. ‘ಈ ಶುಕ್ರವಾರದ ಜುಮ್ಮಾ ಮುಗಿದ ಕೂಡಲೇ ಹಡಗು’ ಎಂದರು. ಜುಮ್ಮಾ ಮುಗಿಯಿತು. ‘ಬರೋ ಜುಮ್ಮಾ’ ಎಂದರು. ಅದೂ ಮುಗಿಯಿತು. ಮುಸಾಫಿರಖಾನೆಯ ನಲ್ಲಿಯ ಕೆಳಗೆ ಒಬ್ಬರು ಉಗುಳಿದಲ್ಲೇ ಇನ್ನೊಬ್ಬರು ಅಕ್ಕಿ ತೊಳೆಯುತ್ತಿದ್ದರು. ಉಸುಕು ತೋಡಿ ಒರತೆ ನೀರು ಕುಡಿದ ಮನುಷ್ಯ ಕಣ್ಣು ಮುಚ್ಚಿಕೊಂಡು ಅದೇ ನೀರು ಕುಡಿದ.

ಬಂದರಿನಲ್ಲಿ ಅವನಿಗೆ ಯಂಕೋಬ ಸಿಕ್ಕ. ಲಿಂಗಸುಗೂರಿನ ಕಡೆಯವನು, ಹಮಾಲಿ ಮಾಡಲು ಬಂದು ಅಲ್ಲೇ ನಿಂತವನು. ಕನ್ನಡ ಕಿವಿಗೆ ಬಿದ್ದದ್ದೇ ದಸ್ತಗೀರ್‌ಸಾಬನ ಕಣ್ಣಲ್ಲಿ ನೀರು ಬಂತು.

‘ಹಡಗು ಎಲ್ಲೈತಪ್ಪ?’ ಎಂದು ಕೇಳಿದ.

ಯಂಕೋಬ ಬೀಡಿಯ ಕೈಯಿಂದಲೇ ತೋರಿಸಿದ. ನೀರಿನಲ್ಲಿ ದೂರಕ್ಕೆ ಒಂದು, ಅದರಾಚೆ ಇನ್ನೊಂದು, ಕರಿ ಮೈಯೆಲ್ಲ ತುಕ್ಕು ಸುರಿಸಿಕೊಂಡು ಹೊಗೆಯಿಲ್ಲದೆ ನಿಂತಿದ್ದವು. ‘ಅಕಾ, ಅವು. ಒಳಗ ಒಬ್ಬ ಕಾವಲುಗಾರ ಬಿಟ್ರ ನರಪಿಳ್ಳಿ ಇಲ್ಲ. ಕಳಿಸಾಕ ಮಾಲಿಲ್ಲ, ಹತ್ತಾಕ ಮಂದಿಲ್ಲ. ಕಲ್ಲಿದ್ಲಿನ ಖರ್ಚಾರ ಹುಟ್ಟಬೇಕಲ್ಲ. ಹೊಟ್ಟಿ ತುಂಬದ ಹೊರತು ಹಡಗು ಬಿಡಾಂಗಿಲ್ಲ ಅಂತಾರ. ನಾನೂ ಹಂಗ, ವಾರಕ್ಕೊಮ್ಮೆ ಕೂಲಿ ಸಿಕ್ರ ಪುಣ್ಯ.’

‘ದೇವರ ಮನಿಗೆ ಹೋಗೋ ಹಡಗೋ ಅದು.’

‘ಇರಬಹುದು. ಹಡಗಿನ ಮಾಲಕರು ದೇವರಲ್ಲಲ್ಲ’ ಎಂದ ಯಂಕೋಬ.

ಅವನೇ ಹತ್ತಿಯ ಉಗ್ರಾಣಕ್ಕೂ ಕರೆದುಕೊಂಡು ಹೋದ. ದಸ್ತಗೀರ್‌ಸಾಬ ಇಡೀ ಜನ್ಮ ಹೇರಿದ ಹತ್ತಿ ಎಲ್ಲಿಗೆ ಹೋಗುತ್ತಿತ್ತೆಂದು ನೋಡುವ ಆಸೆ. ಬಾಗಿಲಲ್ಲೇ ಮುಗ್ಗಲು ವಾಸನೆ ಮೂಗಿಗೆ ಅಡರಿತು. ಒಳಗೆ ಜಾಗ ಸಾಲದೆ ಹೊರಗೂ ಒಟ್ಟಿದ್ದರು. ಮಳೆ ಕುಡಿದು, ಬಿಸಿಲಿಗೆ ಒಡೆದು, ತಟ್ಟಿನ ಬಾಯಿಯಿಂದ ಕಪ್ಪಗಾದ ಹತ್ತಿ ಕೀವಿನ ಹಾಗೆ ಹೊರಬಂದಿತ್ತು. ನಾಯಿಯೊಂದು ಅದರಲ್ಲಿ ಮರಿ ಹಾಕಿತ್ತು. ಆ ತಟ್ಟಿನ ಮೇಲೆ ಸೂಗಪ್ಪನ ತ್ರಿಶೂಲದ ಗುರುತು ಅರೆಬರೆ ಕಾಣುತ್ತಿತ್ತು.

‘ಇದನ್ನ ಯಾರೂ ಒಯ್ಯಂಗಿಲ್ಲೇನು?’

‘ಯಾರು ಒಯ್ತಾರ? ಪುಕ್ಕಟೆ ಕೊಟ್ರೂ ಹೊರೋ ಕೂಲಿ ಮೈಮ್ಯಾಲ ಬೀಳ್ತೈತಿ.’

ಇಂಥದ್ದೊಂದು ಅಂಡಿಗೆಗಾಗಿ ತನ್ನ ತಮ್ಮನ ಕೈ ಸ್ವಚ್ಛವಿಲ್ಲ ಎಂದಿದ್ದ. ಗೋಡೆ ಹಿಡಿದು ಕೂತು, ಬೆಳಗ್ಗೆ ತಿಂದದ್ದನ್ನೆಲ್ಲ ಕಾರಿಕೊಂಡ. ಯಂಕೋಬ ಬೆನ್ನು ಸವರಿ, ಇಲ್ಲಿಯ ನೀರು ಮೊದಮೊದಲು ಎಲ್ಲರಿಗೂ ಹೀಗೆಯೇ ಎಂದ.

ಕಡೆಗೆ ಹಡಗಿನ ಕಂಪನಿಯವರು ಈ ವರ್ಷ ಇಲ್ಲಿಂದ ಹಡಗು ಬಿಡುವುದಿಲ್ಲ, ಬೇಕಾದವರು ಸ್ವಂತ ಖರ್ಚಿನಲ್ಲಿ ಕರಾಚಿಗೆ ಹೋಗಿ ಹತ್ತಲಿ ಎಂದರು. ಖರ್ಚು ಯಾರ ಹತ್ತಿರವಿತ್ತು? ಇದ್ದದ್ದು ಕಾದು ಕಾದು ತಿಂದಾಗಿತ್ತು. ದಸ್ತಗೀರ್‌ಸಾಬ ತನ್ನ ಪಾಪಕ್ಕೆ ದೇವರೇ ಹಡಗು ತಡೆದ ಎಂದುಕೊಳ್ಳಲು ನೋಡಿದ. ಅಷ್ಟಾದರೂ ಆಗಿದ್ದರೆ ದೇವರಿಗೆ ತನ್ನ ಮೇಲೆ ಗಮನ ಇದೆಯೆಂದಾದರೂ ಆಗುತ್ತಿತ್ತು. ಆದರೆ ತನ್ನ ಜೊತೆ ಅಷ್ಟು ಮಂದಿ ಮುದುಕ ಮುದುಕಿಯರು ಗಂಟು ಕಟ್ಟಿಕೊಂಡು ಕೂತಿದ್ದರು, ಅವರೆಲ್ಲರ ತಮ್ಮಂದಿರೂ ಕಳ್ಳರೆನಿಸಿಕೊಂಡು ಸತ್ತಿದ್ದರೇ? ತಡೆದವರು ವ್ಯಾಪಾರಿಗಳು. ಥೂ, ಅದೂ ದೇವರದ್ದಲ್ಲ.

ಪಕ್ಕದ ಚಾಪೆಯ ಮುದುಕನೊಬ್ಬ ಉಪಾಯ ಹೇಳಿದ: ಇಲ್ಲೇ ಎಲ್ಲಾದರೂ ಕೆಲವು ತಿಂಗಳು ಕಳೆದು, ಬಜಾರಿನಲ್ಲಿ ಖರ್ಜೂರ ಕೊಂಡು, ಡಬ್ಬಿಯಲ್ಲಿ ನಲ್ಲಿಯ ನೀರು ತುಂಬಿಕೊಂಡು ಹೋದರೆ ಊರಲ್ಲಿ ಹಾಜಿಯೇ, ಯಾರು ಕೇಳುತ್ತಾರೆ. ಆ ಉಗುಳಿನ ನಲ್ಲಿಯ ನೀರನ್ನು ಹಜ್‌ನಿಂದ ತಂದ ಪವಿತ್ರ ನೀರೆಂದು ಮಸ್ಕಿಯ ಜನರ ಬಾಯಿಗೆ ಬಿಡುವುದೇ? ದಸ್ತಗೀರ್‌ಸಾಬ ಅವತ್ತೇ ರೈಲು ಹತ್ತಿದ.

ಊರಲ್ಲಿ ಮೊದಲು ಎದುರುಗೊಂಡವನು ಜಂಗ್ಲಿಸಾಬ. ಮೈ ಬಂದಿತ್ತು, ಮುಖದಲ್ಲಿ ಎಣ್ಣೆ ಹಚ್ಚಿದ ಕಳೆ. ‘ಹೋಗಲಿ ಬಿಡು ಮಾಮಾ’ ಎಂದು ಭಾವನ ಗಂಟು ಇಸಿದುಕೊಂಡ. ಆಮೇಲೆ ಬಾಯಿ ಕಿವಿಯ ಹತ್ತಿರ ತಂದು, ‘ನೀ ಮಾಫ್ ಅಂದ ದಿನದಿಂದ ನನಗ ನಿದ್ದಿ ಚೊಲೋ ಹತ್ತಾಕತ್ತೈತಿ’ ಎಂದ.

ಆ ನಿದ್ದೆಯನ್ನು ದಿನವೂ ನೋಡಬೇಕಾಯಿತು. ಜಂಗ್ಲಿ ಅವನದೇ ಪಡಸಾಲೆಯಲ್ಲಿ ಉಂಡು ಹೊರಳಿ ಗೊರಕೆ ಹೊಡೆಯುತ್ತಿದ್ದ. ಅಂಬಮ್ಮ ಹಾಲು ತಂದರೆ ಹಳ್ಳದ ನೀರು, ನರಸಣ್ಣ ಎದುರಾದರೆ ಉಗುಳು. ಹೋದವನು ಹಡಗು ಹತ್ತಿದ್ದರೆ ಊರಿನ ಹೊಲಸೆಲ್ಲ ಸಮುದ್ರದ ಪಾಲಾಗುತ್ತಿತ್ತು. ಈಗ ಎಲ್ಲರೂ ತೊಳೆದುಕೊಂಡು ಶುಭ್ರವಾಗಿದ್ದರು, ತೊಳೆದ ನೀರು ಇವನ ಮನೆಯಲ್ಲಿ ನಿಂತಿತ್ತು. ಸಾಲದ್ದಕ್ಕೆ ‘ಬೊಂಬಾಯಿ ಹಾಜಿ’ ಎಂದು ಹೆಸರಿಟ್ಟಿದ್ದರು.

ಮಸೀದಿಯ ಮುಲ್ಲಾನನ್ನು ಕೇಳಿದ: ಹಡಗೇ ಹೋಗಲಿಲ್ಲವೆಂದ ಮೇಲೆ ಕೊಟ್ಟ ಮಾಫಿ ನಿಲ್ಲುತ್ತದೆಯೇ?

‘ಮಾಫಿಗೂ ಹಡಗಿಗೂ ಏನು ಸಂಬಂಧ? ಕೊಟ್ಟಿ ಅಂದ್ರ ಕೊಟ್ಟಿ. ಮುಚ್ಚಿದ್ದನ್ನ ಬಿಚ್ಚಿದಿ ಅಂದ್ರ ನೀ ಹಜ್‌ಗೆ ಹೊಂಟ ಮನುಷ್ಯಾನೇ ಅಲ್ಲ’ ಎಂದ ಮುಲ್ಲಾ.

ಮುಚ್ಚಿಟ್ಟರೆ ಜಂಗ್ಲಿ ಸುಖವಾಗಿ ಮಲಗುತ್ತಾನೆ, ಗೌಸ್‌ಸಾಬ ಗೋರಿಯಲ್ಲೂ ಕಳ್ಳನಾಗಿಯೇ ಇರುತ್ತಾನೆ. ಕೆಲವು ವಾರ ಸಹಿಸಿದ. ಒಂದು ಸಂತೆಯ ದಿನ, ಸೂಗಪ್ಪನ ಕಟ್ಟೆಯ ಮೇಲೆ ಜನ ತುಂಬಿದ್ದಾಗ, ಹಿಂದೊಮ್ಮೆ ಎದ್ದು ನಿಂತಿದ್ದ ಜಾಗದಲ್ಲೇ ಎದ್ದು ನಿಂತ.

‘ಅಂಡಿಗಿ ಕದ್ದಾಂವ ನನ್ನ ತಮ್ಮ ಅಲ್ಲ. ಜಂಗ್ಲಿ. ನನ್ನ ಮುಂದ ಒಪ್ಕೊಂಡಾನ. ನಾ ಮಾಫ್ ಅಂದಿದ್ದೆ, ಅದನ್ನ ವಾಪಸ್ ತಗೊಂಡೀನಿ.’

ಜಂಗ್ಲಿಸಾಬ ನೆಲ ನೋಡಿದ. ಅವನನ್ನು ಯಾರೂ ಏನೂ ಅನ್ನಲಿಲ್ಲ. ಎಲ್ಲರೂ ದಸ್ತಗೀರ್‌ಸಾಬನನ್ನೇ ನೋಡುತ್ತಿದ್ದರು, ಹುಚ್ಚುನಾಯಿ ಕಟ್ಟೆ ಏರಿದೆಯೇನೋ ಎಂಬಂತೆ.

‘ಹತ್ತಿಗೇ ಕಿಮ್ಮತ್ತಿಲ್ಲ, ಒಂದು ಅಂಡಿಗಿ ಮಾತು ಈಗ್ಯಾಕಪ್ಪ’ ಎಂದ ಸೂಗಪ್ಪ. ‘ಕೊಟ್ಟಿದ್ದನ್ನ ವಾಪಸ್ ತಗೋತಾರೇನು? ಹಿಂಗಾದ್ರ ಮಂದಿ ಯಾರನ್ನ ನಂಬಬೇಕು?’

‘ಹೌದಲ್ಲ’ ಎಂದಳು ಹಾಲಿನ ತಂಬಿಗೆ ಹಿಡಿದು ನಿಂತಿದ್ದ ಅಂಬಮ್ಮ. ‘ಇವತ್ತು ಜಂಗ್ಲಿದು ಬಿಚ್ಚಿದ. ನಾಳೆ?’

ಅಲ್ಲಿಗೆ ತಿಳಿಯಿತು. ಗೌಸ್‌ಸಾಬನ ಚಿಂತೆ ಅಲ್ಲಿ ಯಾರಿಗೂ ಇರಲಿಲ್ಲ, ತಮ್ಮ ತಮ್ಮ ಹೊಲಸು ಹೊರಬಿದ್ದೀತೆಂಬ ಅಂಜಿಕೆ ಇತ್ತು. ಅವತ್ತಿನಿಂದ ಜನ ಅವನನ್ನು ಕಂಡು ದಾರಿ ಬಿಟ್ಟು ನಡೆದರು. ಸೂಗಪ್ಪ ಇದ್ದಬದ್ದ ಬಾಡಿಗೆಯನ್ನೂ ಬೇರೆಯವರಿಗೆ ಕೊಟ್ಟ. ತನ್ನ ತಮ್ಮನ ಮಾನ ಹೋಯಿತೆಂದು ರಹೀಮಾಬೀ ಮಾತು ಬಿಟ್ಟಳು, ರೊಟ್ಟಿ ಬಡಿದು ಮುಂದಿಡುತ್ತಿದ್ದಳು ಅಷ್ಟೆ. ದಸ್ತಗೀರ್‌ಸಾಬನಿಗೆ ಒಂದು ಬಗೆಯ ಖುಷಿಯೇ ಆಯಿತು. ಇಷ್ಟು ಕಳೆದುಕೊಂಡ ಮೇಲೆ ಗೊರೇಬಾಳಕ್ಕೆ ಹೋಗಲು ತನಗೆ ಮುಖ ಬಂತು ಎಂದುಕೊಂಡು ಗಾಡಿ ಹೂಡಿದ.

ಖಾತೂನ್‌ಬೀ ಬೇವಿನ ನೆರಳಲ್ಲಿ ಕೂತು ಯಾರದೋ ಮನೆಯ ಕೌದಿ ಹೊಲಿಯುತ್ತಿದ್ದಳು. ಭಾವನನ್ನು ಕಂಡು ತಲೆಯ ಮೇಲೆ ಸೆರಗೆಳೆದು, ಚಾಪೆ ಹಾಸಿ, ನೀರು ಕೊಟ್ಟಳು. ತಂಬಿಗೆ ಲಕಲಕ ಹೊಳೆಯುತ್ತಿತ್ತು. ಅವನು ಎಲ್ಲವನ್ನೂ ಹೇಳಿದ: ಜಂಗ್ಲಿಯ ಮಾತು, ಮುಂಬಯಿ, ಕೊಳೆತ ಹತ್ತಿ, ಸಂತೆಯ ಕಟ್ಟೆ. ಅವಳು ಹೊಲಿಗೆ ನಿಲ್ಲಿಸದೆ ಕೇಳಿದಳು.

‘ಸಂತ್ಯಾಗ ಎಲ್ರ ಮುಂದೂ ಹೇಳಿದ್ರೇನು?’

‘ಎಲ್ರ ಮುಂದೂ ಹೇಳೀನವ್ವ.’

‘ಜಂಗ್ಲಿ ನಿಮಗ ಯಾವಾಗ ಹೇಳಿದ್ದು, ಬಾವಾರ?’

‘ಹೊಂಡೋ ದಿನ. ಗಾಡಿ ಕಟ್ಟಿತ್ತು.’

ಅವಳ ಸೂಜಿ ನಿಂತಿತು. ‘ಅಂದ್ರ ಗೊತ್ತಿದ್ದೂ ರೈಲು ಹತ್ತಿದ್ರಿ.’

ಅವನು ತಂಬಿಗೆ ಕೆಳಗಿಟ್ಟ.

‘ಹಡಗು ಬಿಟ್ಟಿದ್ರ ಈ ಕಡೆ ಬರ್ತಿದ್ದಿಲ್ಲ.’

ಅವನು ಎರಡೂ ಕೈ ಜೋಡಿಸಿ ಬಾಯಿ ತೆರೆದ. ಖಾತೂನ್‌ಬೀ ಸೂಜಿಯ ಕೈಯೆತ್ತಿ ತಡೆದಳು. ‘ಕೇಳಬ್ಯಾಡ್ರಿ. ಕೇಳಿದ್ರ ಕೊಡಲೇಬೇಕು, ದಸ್ತೂರ ಹಂಗೈತಿ. ನನಗ ಕೊಡಾಕ ಮನಸ್ಸಿಲ್ಲ. ರೊಟ್ಟಿ ಮಾಡ್ತೀನಿ, ಉಂಡು ಹೋಗ್ರಿ.’

ಉಣ್ಣದೆ ಬಂದ. ಆಮೇಲೆ ಆ ಕಡೆಗೆ ತಲೆ ಹಾಕಲಿಲ್ಲ. ನಾಚಿಕೆ ಎನ್ನಬಹುದು. ನಾಚಿಕೆಯೆಂದು ಮನೆಯಲ್ಲಿ ಕೂತದ್ದು ಯಾವ ದೊಡ್ಡಸ್ತಿಕೆ? ವರ್ಷಗಳು ಕಳೆದವು. ಬೇರೆ ವ್ಯಾಪಾರಿಗಳ ಜೋಳ, ಔಡಲ ಹೇರಿದ. ಊರು ಮರೆಯಿತು, ರಹೀಮಾಬೀ ಮಾತಾಡಿದಳು. ಹತ್ತಿಯ ಧಾರಣೆ ನಿಧಾನಕ್ಕೆ ಏರಿತು, ಗಾಡಿಗಳ ಸಾಲು ಮತ್ತೆ ಉದ್ದವಾಯಿತು, ಮುಂಬಯಿಯಿಂದ ಹಡಗುಗಳು ತುಂಬಿ ಹೋಗುತ್ತಿವೆ ಎಂದು ಸುದ್ದಿ ಬಂತು. ಲಿಂಗಸುಗೂರಿನವರು ಕೆಲವರು ಹೋಗಿಯೂ ಬಂದರು. ‘ಈ ಸಲ ತಪ್ಪಂಗಿಲ್ಲ, ಹೋಗು’ ಎಂದು ರಹೀಮಾಬೀ ಬೆನ್ನು ಹತ್ತಿದಳು.

ಈ ಸಲ ಅವನು ಮೊದಲು ಗೊರೇಬಾಳಕ್ಕೇ ಹೋದ. ಹೊಸ ಅಂಗಿ ತೊಟ್ಟಿದ್ದ, ಒಂದು ಚೀಲ ಜೋಳ ಗಾಡಿಯಲ್ಲಿತ್ತು. ಖಾತೂನ್‌ಬೀಯ ಕೂದಲು ಪೂರ್ತಿ ಬೆಳ್ಳಗಾಗಿತ್ತು, ಕಣ್ಣು ಮಂಜಾಗಿತ್ತು. ಕಣ್ಣಿಗೆ ಕೈ ಅಡ್ಡ ಹಿಡಿದು, ಬಂದವನು ಯಾರೆಂದು ನೋಡಿದಳು, ಅಂಗಿ ನೋಡಿದಳು.

‘ಹಡಗು ಬಿಟ್ರೇನು, ಬಾವಾರ?’ ಎಂದು ಕೇಳಿದಳು.

ಮಾಫಿ ಕೇಳಲು ಜೋಡಿಸಿದ್ದ ಕೈಗಳನ್ನು ದಸ್ತಗೀರ್‌ಸಾಬ ಬಿಡಿಸಿಕೊಂಡ. ‘ಬಿಟ್ಟಾರವ್ವ’ ಎಂದ. ಜೋಳದ ಚೀಲ ಇಳಿಸಿ ಗೋಡೆಗೆ ಆನಿಸಿಟ್ಟು, ಎತ್ತು ತಿರುಗಿಸಿಕೊಂಡು ಮಸ್ಕಿಗೆ ಹೊರಟ.